ಝಾಡ್‌ಗ್ರಾಮದಿಂದ ಅರವತ್ತು ಕಿಲೋಮೀಟರು

ಕಲ್ಲಪ್ಪ ಬೆಟಗೇರಿಯವರಷ್ಟು ಹೆದರುವ ಮನುಷ್ಯ ಇಡೀ ಗಾರ್ಡನ್ ರೀಚ್ ಬಡಾವಣೆಯಲ್ಲಿ ಹುಡುಕಿದರೂ ಸಿಗಲಾರ. ಲಿಫ್ಟಿಗೆ ಹೆದರುತ್ತಾರೆ, ಗ್ಯಾಸ್ ಸಿಲಿಂಡರಿಗೆ ಹೆದರುತ್ತಾರೆ, ಹೂಗ್ಲಿ ನದಿ ದಾಟಿಸುವ ಲಾಂಚಿಗೆ ಹೆದರಿ ಒಂದೂವರೆ ಗಂಟೆ ಬಸ್ಸಿನಲ್ಲಿ ಸುತ್ತಿ ಬರುತ್ತಾರೆ. ಪೂಜೆಯ ದಿನಗಳಲ್ಲಿ ಪಾಡಾದ, ಅಂದರೆ ತಮ್ಮ ಓಣಿಯ, ಪೆಂಡಾಲಿನ ಬಿದಿರು ಕಳಚಿ ಬಿದ್ದರೆ ಎಂದು ರಸ್ತೆಯ ಆಚೆ ಬದಿಯಿಂದಲೇ ದೇವಿಗೆ ಕೈ ಮುಗಿಯುತ್ತಾರೆ. ಇದನ್ನೆಲ್ಲ ನಾನು ಚಾಡಿ ಹೇಳುತ್ತಿಲ್ಲ. ಅವರ ಹೆಂಡತಿ ಶಾಂತಮ್ಮನವರೇ ಮನೆಗೆ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ.

ಆದರೆ ಈ ಹೆದರಿಕೆಯೇ ಮೂವತ್ತೈದು ವರ್ಷ ಅವರಿಗೆ ಅನ್ನ ಹಾಕಿದ್ದು. ಗದಗಿನ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ರೈಲ್ವೆ ನೌಕರಿ ಹಿಡಿದು ಖರಗಪುರಕ್ಕೆ ಬಂದ ಕಲ್ಲಪ್ಪ, ಅಲ್ಲಿಯ ಕಂಟ್ರೋಲ್ ಆಫೀಸಿನಲ್ಲಿ ಕೂತರು. ಯಾವ ಗಾಡಿ ಎಲ್ಲಿದೆ, ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದು ಅವರ ಕೆಲಸ. ಎದುರಿಗೆ ಮೇಜಿನಗಲದ ಚಾರ್ಟು, ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸ್ಟೇಷನ್ನು, ಗಾಡಿ ಓಡಿದ ಹಾಗೆ ಪೆನ್ಸಿಲಿನ ಓರೆ ಗೆರೆ. ಮುಂದಿನ ಸ್ಟೇಷನ್ನಿನವರು 'ಲೈನ್ ಕ್ಲಿಯರ್' ಎನ್ನಬೇಕು, ಅಂದರೆ ದಾರಿ ಖಾಲಿ ಇದೆ, ಕಳಿಸಿ ಎನ್ನಬೇಕು. ಅಲ್ಲಿಯವರೆಗೆ ಹಿಂದಿನ ಸ್ಟೇಷನ್ನಿನಿಂದ ಗಾಡಿ ಒಂದಿಂಚು ಅಲುಗುವಂತಿಲ್ಲ. ಉಳಿದವರು ಅದನ್ನು ನೌಕರಿ ಎಂದು ಮಾಡಿದರು. ಕಲ್ಲಪ್ಪ ಜೀವ ಕೈಯಲ್ಲಿ ಹಿಡಿದುಕೊಂಡು ಮಾಡಿದರು.

ಆ ಆಫೀಸಿನಲ್ಲಿ ತಪ್ಪನ್ನು ರಬ್ಬರಿನಿಂದ ಅಳಿಸುವ ಹಾಗಿರಲಿಲ್ಲ. ಕೆಂಪು ಪೆನ್ನಿನಲ್ಲಿ ಅಡ್ಡ ಗೆರೆ ಹೊಡೆದು, ಪಕ್ಕದಲ್ಲಿ ಸಮಯ ಬರೆದು ಸಹಿ ಹಾಕಬೇಕಿತ್ತು. ಕಲ್ಲಪ್ಪನವರ ಕೆಂಪು ಪೆನ್ನು ಬಳಸುವ ಪ್ರಸಂಗವೇ ಬಾರದೆ ಒಣಗಿಹೋಗಿತ್ತು. ಜಗತ್ತಿನಲ್ಲಿ ಅವರು ಹೆದರದೇ ಇದ್ದದ್ದು ಒಂದೇ ಒಂದಕ್ಕೆ, ತಮ್ಮ ತಲೆಯೊಳಗಿನ ಕಿಲೋಮೀಟರುಗಳಿಗೆ. ಎಲ್ಲಿಂದ ಎಲ್ಲಿಗೆ ಎಷ್ಟು ದೂರ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದರು, ಪುಸ್ತಕ ತೆಗೆದು ನೋಡಿದವರೇ ಅಲ್ಲ.

ಹೀಗೆ ನಿವೃತ್ತಿಯಾಗಿ ಗಾರ್ಡನ್ ರೀಚಿಗೆ ಬಂದು ಹಾಯಾಗಿ ಹೆದರಿಕೊಂಡು ಕೂತಿದ್ದ ಕಾಲದಲ್ಲಿ ಮಗಳು ಶ್ರಾವ್ಯಾ ಎಲೆಕ್ಟ್ರಿಕ್ ಕಾರು ತೆಗೆದುಕೊಂಡಳು. ಸೆಕ್ಟರ್ ಫೈವ್‌ನಲ್ಲಿ ಅವಳಿಗೆ ಕೆಲಸ, ಬಾರಾನಗರದಲ್ಲಿ ಗಂಡ ಮಿಥುನ್‌ನ ಮನೆ, ಎಂಟು ವರ್ಷದ ಮಗಳು ಖುಷಿ. ಮನೆಗೂ ಆಫೀಸಿಗೂ ಓಡಾಡಲಿಕ್ಕೆ ಆ ಕಾರು ಸಾಕಿತ್ತು. ಆದರೆ ಅಳಿಯನ ಕಾಲು ಊರಲ್ಲಿ ನಿಲ್ಲುವುದಲ್ಲ. ದೀಘಾದ ಸಮುದ್ರ ತೀರಕ್ಕೆ ಹೊರಡುತ್ತೇವೆ ಎಂದದ್ದೇ ತಡ, ಕಲ್ಲಪ್ಪನವರಿಗೆ ಅನ್ನ ಸೇರಲಿಲ್ಲ.

"ನಡುವ ದಾರ್ಯಾಗ ಬ್ಯಾಟರಿ ಮುಗದ್ರ ಏನ್ ಮಾಡ್ತೀರಿ? ಬಾಟ್ಲ್ಯಾಗ ಕರೆಂಟ್ ತರಾಕ ಬರ್ತೈತೇನು?"

"ಅಪ್ಪಾ, ಆ್ಯಪ್ ಐತಿ. ಎಲ್ಲೆಲ್ಲಿ ಚಾರ್ಜರ್ ಅದಾವು, ಎಲ್ಲಾ ಹಸರ ಬಣ್ಣದಾಗ ತೋರಸ್ತೈತಿ."

"ಹಸರ ಸಿಗ್ನಲ್ ನಂಬಿದವರನ್ನ ನಾ ಭಾಳ ಮಂದಿ ನೋಡೇನಿ" ಎಂದರು ಕಲ್ಲಪ್ಪ, ಮತ್ತು ಅಂದು ರಾತ್ರಿಯೇ ಒಂದು ಡ್ರಾಯಿಂಗ್ ಹಾಳೆ ತಂದು ಗೆರೆ ಎಳೆಯಲು ಕೂತರು.

ಅಲ್ಲಿಂದ ಶುರುವಾದದ್ದು ಅವರ ಎರಡನೆಯ ನೌಕರಿ. ಚಾರ್ಜರ್ ಇದೆಯೆಂದು ಆ್ಯಪ್ ಹೇಳಿದರೆ ಅವರಿಗೆ ನಂಬಿಕೆಯಿಲ್ಲ. ಅದರ ಪಕ್ಕದ ಚಹಾ ಅಂಗಡಿಯವನ ನಂಬರು ಹೇಗಾದರೂ ಮಾಡಿ ಪಡೆಯುತ್ತಾರೆ. ಚಹಾ ಅಂಗಡಿಯಿಲ್ಲದಿದ್ದರೆ ಪಂಕ್ಚರ್ ಅಂಗಡಿ, ಅದೂ ಇಲ್ಲದಿದ್ದರೆ ಪಾನ್ ಡಬ್ಬಿ. "ದಾದಾ, ಕರೆಂಟು ಇದೆಯಾ? ಚಾರ್ಜು ಹಾಕುವ ಗನ್ನು ಸರಿಯಿದೆಯಾ? ಎದ್ದು ಹೋಗಿ ಒಂದು ಸಲ ಕಣ್ಣಾರೆ ನೋಡಿ ಹೇಳುತ್ತೀರಾ?" ಎಂದು ತಮ್ಮ ಖರಗಪುರದ ಹಿಂದಿ ಬಂಗಾಲಿ ಕಲಸಿ ಕೇಳುತ್ತಾರೆ. ಅವರು ನೋಡಿ ಬಂದು ಹೂಂ ಎಂದಮೇಲೆಯೇ ಕಾರಿಗೆ ಲೈನ್ ಕ್ಲಿಯರ್. ಸುದ್ದಿ ಹಬ್ಬಿ ಕನ್ನಡ ಸಂಘದವರು, ಶ್ರಾವ್ಯಾಳ ಆಫೀಸಿನವರು, ಯಾರು ಎಲೆಕ್ಟ್ರಿಕ್ ಕಾರಿನಲ್ಲಿ ಊರು ಬಿಟ್ಟರೂ ಮೊದಲು ಇವರ ಮನೆಗೆ ಬಂದು ಚಾರ್ಟು ಮಾಡಿಸಿಕೊಂಡು ಹೋಗುವಂತಾಯಿತು.

ಅವರ ಕಾನೂನು ಮೂರು. ಓಡಬೇಕಾದ ದೂರ ಎಷ್ಟಿದೆಯೋ ಅದರ ಒಂದೂವರೆ ಪಟ್ಟು ಚಾರ್ಜು ಕೈಯಲ್ಲಿರಬೇಕು. ಮನುಷ್ಯನ ಬಾಯಿಂದ ಲೈನ್ ಕ್ಲಿಯರ್ ಬರಬೇಕು. ಅರ್ಧ ದಾರಿಯಲ್ಲಿ ಅವರು ಗುರುತು ಮಾಡಿದ ಜಾಗದಲ್ಲಿ ಕಾರು ನಿಲ್ಲಿಸಿ ಫೋನ್ ಮಾಡಬೇಕು, ಅವರು ಹೇಳುವ ತನಕ ಹಿಂದೂ ಹೋಗಬಾರದು, ಮುಂದೂ ಹೋಗಬಾರದು. ಮೊದಲೆರಡನ್ನು ಮಿಥುನ್ ನಕ್ಕು ಒಪ್ಪಿಕೊಂಡಿದ್ದ. ಮೂರನೆಯದನ್ನು ಗಾಳಿಗೆ ತೂರಿದ್ದ. "ನಿಂತೀವಿ ಅಪ್ಪಾ" ಎಂದು ಶ್ರಾವ್ಯಾ ಫೋನಿನಲ್ಲಿ ಹೇಳುವಾಗ ಹಿಂದೆ ಗಾಳಿ ಭರ್ರೆಂದು ಬೀಸುವ ಸದ್ದು ಕೇಳಿಸುತ್ತಿತ್ತು. ಓಡುವ ಗಾಡಿಯ ಸದ್ದು ತಿಳಿಯದವರಲ್ಲ ಕಲ್ಲಪ್ಪ. ಆದರೆ ಅಳಿಯನಿಗೆ ಎದುರು ಹೇಳಲೂ ಅವರಿಗೆ ಹೆದರಿಕೆ. ಹಾಗಾಗಿ ಅವರು ಮೊಮ್ಮಗಳನ್ನು ಗಾರ್ಡ್ ಮಾಡಿದರು. ಚಾರ್ಟಿನ ಒಂದು ಪ್ರತಿ, ಒಂದು ಪೆನ್ಸಿಲ್ಲು ಅವಳ ಕೈಗೆ ಕೊಟ್ಟು, ಕಾರು ನಿಂತಲ್ಲೆಲ್ಲ ಮೀಟರು ನೋಡಿ ಅಜ್ಜ ಬರೆದ ಅಂಕಿಯ ಪಕ್ಕ ನಿಜವಾದ ಅಂಕಿ ಬರೆಯಬೇಕು ಎಂದು ಹೇಳಿದರು.

"ಗಾರ್ಡ್ ಹೂಂ ಅನ್ನದ ಡ್ರೈವರ್ ಗಾಡಿ ಬಿಡೂ ಹಂಗಿಲ್ಲ. ತಿಳೀತಿಲ್ಲೋ?"

"ಪಪ್ಪಾ ಕೂಡಾ?"

"ಪಪ್ಪಾನೂ ಅಷ್ಟ."

ಡಿಸೆಂಬರಿನ ಒಂದು ಶನಿವಾರ ಆ ಮೂವರೂ ಘಾಟ್‌ಶಿಲಾಕ್ಕೆ ಹೊರಟರು. ಖರಗಪುರದಲ್ಲಿ ಒಂದು ಚಾರ್ಜು, ಝಾಡ್‌ಗ್ರಾಮದಲ್ಲಿ ಇನ್ನೊಂದು. ಅಲ್ಲಿಂದ ಹೆದ್ದಾರಿ ಬಿಟ್ಟು ಬೇಲ್‌ಪಹಾಡಿ ಊರಿನ ಮೇಲೆ ಹಾದುಹೋಗುವ ಕಾಡಿನ ದಾರಿ ಹಿಡಿಯಬೇಕೆಂದು ಮಿಥುನ್‌ನ ಆಸೆ. ಸಾಲ ಮರಗಳ ಕಾಡು, ಗುಡ್ಡ, ಖುಷಿಗೆ ತೋರಿಸಬೇಕಂತೆ. ಕಲ್ಲಪ್ಪ ಬೇಡವೆಂದು ಎರಡು ದಿನ ಗೊಣಗಿ ಕೊನೆಗೆ ಚಾರ್ಟು ಹಾಕಿದರು. ಝಾಡ್‌ಗ್ರಾಮದಿಂದ ಘಾಟ್‌ಶಿಲಾ, ಅರವತ್ತು ಕಿಲೋಮೀಟರು. ನಡುವೆ, ಮೂವತ್ತಕ್ಕೆ, ಫೋನ್ ಮಾಡುವ ಜಾಗ, ಬೇಲ್‌ಪಹಾಡಿ ದಾಟಿದ ಮೇಲೆ ಕಾಡು ಶುರುವಾಗುವ ಮುಂಚಿನ ಕೊನೆಯ ಅಂಗಡಿ. ಲೀಲಾ ಎಂಬ ಹೆಂಗಸಿನ ಚಹಾ ಅಂಗಡಿ ಅದು. ಅವಳ ಜೊತೆ ಕಲ್ಲಪ್ಪ ಎರಡು ಸಲ ಮಾತಾಡಿದ್ದರು. ಎರಡು ಸಲವೂ ಅವಳೇ ತಿರುಗಿ ಫೋನ್ ಮಾಡಿದ್ದಳು.

ಝಾಡ್‌ಗ್ರಾಮದಲ್ಲಿ ಚಾರ್ಜು ಅರ್ಧವಾಗುವಷ್ಟರಲ್ಲಿ ಕರೆಂಟು ಹೋಯಿತು. ಎರಡೂ ಮುಕ್ಕಾಲಿಗೆ ಶ್ರಾವ್ಯಾ ಫೋನ್ ಮಾಡಿದಳು.

"ಅಪ್ಪಾ, ನೂರ ಕಿಲೋಮೀಟರಿನಷ್ಟು ಐತಿ. ಕರೆಂಟ್ ಯಾವಾಗ ಬರ್ತೈತೋ ಗೊತ್ತಿಲ್ಲ. ಹೋಗೂಣೇನು?"

ಅರವತ್ತಕ್ಕೆ ಒಂದೂವರೆ ಪಟ್ಟು ತೊಂಬತ್ತು. ಕೈಯಲ್ಲಿ ನೂರಿದೆ. ಘಾಟ್‌ಶಿಲಾದ ಪಾನ್ ಡಬ್ಬಿಯವನು ಚಾರ್ಜರ್ ನೋಡಿ ಬಂದು ಸರಿಯಿದೆ ಎಂದಾಗಿತ್ತು. "ಲೈನ್ ಕ್ಲಿಯರ್" ಎಂದರು ಕಲ್ಲಪ್ಪ. ಮಿಥುನ್‌ನ ಮೊಬೈಲಿನಲ್ಲಿ ನಕ್ಷೆ ಇರಲಿಲ್ಲವೆಂದಲ್ಲ. ಆದರೆ ಆ ಕುಟುಂಬದಲ್ಲಿ ದಾರಿ ಕೇಳುವುದು ನಕ್ಷೆಯನ್ನು, ದೂರ ಕೇಳುವುದು ಮಾವನನ್ನು.

ಲೀಲಾಳ ಅಂಗಡಿಯಿಂದ ಮೂರೂ ಮೂವತ್ತೈದಕ್ಕೆ ಫೋನ್ ಬರಬೇಕಿತ್ತು. ಬರಲಿಲ್ಲ. ನಾಲ್ಕಾಯಿತು. ಮೂರು ಸಲ ತಾವೇ ಮಾಡಿದರು. ಶ್ರಾವ್ಯಾಳ ಫೋನು ಸಿಗಲಿಲ್ಲ, ಮಿಥುನ್‌ನದೂ ಸಿಗಲಿಲ್ಲ, ಲೀಲಾಳದೂ ಸಿಗಲಿಲ್ಲ. ಎದೆ ಹೊಡೆದುಕೊಳ್ಳತೊಡಗಿದಾಗ ಅದನ್ನು ಸುಮ್ಮನಾಗಿಸಲು ಅವರಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಪೆನ್ಸಿಲಿನ ತುದಿಯನ್ನು ಗೆರೆಯ ಮೇಲೆ ಇಟ್ಟು ಸ್ಟೇಷನ್ನುಗಳ ಹೆಸರು ಹೇಳಿಕೊಳ್ಳುವುದು. ಝಾಡ್‌ಗ್ರಾಮ್, ಗಿಧ್ನಿ, ಚಾಕುಲಿಯಾ, ಕೋಕಪಾಡಾ, ಧಲ್‌ಭೂಮ್‌ಗಢ, ಘಾಟ್‌ಶಿಲಾ. ಒಟ್ಟು ಅರವತ್ತು.

ಪೆನ್ಸಿಲು ಅಲ್ಲೇ ನಿಂತಿತು. ಈ ಹೆಸರುಗಳಲ್ಲಿ ಬೇಲ್‌ಪಹಾಡಿ ಇಲ್ಲ.

ಬೇಲ್‌ಪಹಾಡಿಯಲ್ಲಿ ರೈಲು ಸ್ಟೇಷನ್ನೇ ಇಲ್ಲ. ಅರವತ್ತು ಎನ್ನುವುದು ಹಳಿಯ ಮೇಲಿನ ಅರವತ್ತು. ಹಳಿ ನೆಟ್ಟಗೆ ಹೋಗುತ್ತದೆ. ಕಾರು ಹೋಗಿದ್ದು ಉತ್ತರಕ್ಕೆ ತಿರುಗಿ, ಗುಡ್ಡ ಹತ್ತಿ, ಕಾಡು ಸುತ್ತಿ ಬರುವ ದಾರಿಯಲ್ಲಿ. ಮೂವತ್ತೈದು ವರ್ಷ ಬಾಯಲ್ಲಿದ್ದ ಅಂಕಿ ಕೈಗೆ ತಾನಾಗಿ ಇಳಿದು ಬಂದಿತ್ತು. ಅದನ್ನು ಒಂದು ಸಲವೂ ಅನುಮಾನಿಸದೆ ಅವರು ಬರೆದುಬಿಟ್ಟಿದ್ದರು. ಮೊಬೈಲಿನ ನಕ್ಷೆ ತೆರೆದರು. ತೊಂಬತ್ತು ಕಿಲೋಮೀಟರು, ಅದರಲ್ಲೂ ಕೊನೆಯ ನಲವತ್ತು ಏರಿಳಿತದ ಕಾಡು. ಏರಿನಲ್ಲಿ ಬ್ಯಾಟರಿ ನೀರಿನಂತೆ ಇಳಿಯುತ್ತದೆ. ಘಾಟ್‌ಶಿಲಾ ತಲುಪುವ ಮೊದಲೇ, ಮನೆಯಿಲ್ಲದ, ಫೋನಿಲ್ಲದ ಜಾಗದಲ್ಲಿ ಕಾರು ನಿಲ್ಲುತ್ತದೆ. ಐದಕ್ಕೆ ಸೂರ್ಯ ಮುಳುಗುತ್ತಾನೆ.

ಕಲ್ಲಪ್ಪ ನಂಬರುಗಳ ಪುಸ್ತಕ ಎಳೆದುಕೊಂಡರು. ಜನ್ಮವಿಡೀ ಹೆದರಿದ್ದೆಲ್ಲ ಹುಡುಗಾಟವಾಗಿತ್ತು. ನಿಜವಾದ ಹೆದರಿಕೆ ಹೇಗಿರುತ್ತದೆಂದು ಅವರಿಗೆ ಗೊತ್ತಾಗಿದ್ದು ಈಗ.

ಬೇಲ್‌ಪಹಾಡಿಯ ಪಂಕ್ಚರ್ ಅಂಗಡಿಯ ಶ್ಯಾಮಸುಂದರನ ನಂಬರು ಅವರ ಪುಸ್ತಕದಲ್ಲಿತ್ತು. ಲೀಲಾಳ ನಂಬರು ಕೊಟ್ಟವನೂ ಅವನೇ. ಮೊದಲ ರಿಂಗಿಗೇ ಎತ್ತಿದ.

ಹಸಿರು ನಂಬರ್ ಪ್ಲೇಟಿನ ಬಿಳಿ ಕಾರು ತಾನೇ, ದಾದಾ? ಇಪ್ಪತ್ತು ನಿಮಿಷವಾಯಿತು ದಾಟಿ, ನಿಲ್ಲಲಿಲ್ಲ. ಲೀಲಾಳ ಅಂಗಡಿಯಾ? ಅದು ಇವತ್ತು ಮುಚ್ಚಿದೆ. ಬೆಳಿಗ್ಗೆ ಹನ್ನೊಂದು ಆನೆಗಳ ಹಿಂಡು ಆ ಕಡೆ ಇಳಿದಿದೆ, ಅವಳು ಹೆದರಿ ಅಣ್ಣನ ಮನೆಗೆ ಹೋಗಿದ್ದಾಳೆ. ಅಲ್ಲಿ ಫೋನೂ ಹಿಡಿಯುವುದಿಲ್ಲವಲ್ಲ, ಅಂಗಡಿಯ ಹಿಂದಿನ ದಿಬ್ಬ ಹತ್ತಿದರೆ ಮಾತ್ರ ಸ್ವಲ್ಪ ಸಿಗುತ್ತದೆ. ನಿಮಗೆ ಅವಳು ಹೇಳಲಿಲ್ಲವಾ?

ಅವಳು ಯಾಕೆ ಹೇಳುತ್ತಾಳೆ, ಇವರು ಕೇಳಿದ್ದರೆ ತಾನೇ. ಎರಡು ಸಲವೂ ಪಾಪ ಆ ಹೆಂಗಸು ದಿಬ್ಬ ಹತ್ತಿ ನಿಂತು ಇವರಿಗೆ ಫೋನ್ ಮಾಡಿದ್ದಳು.

"ಏನಾತ್ರೀ? ಮಾರಿ ಯಾಕ ಹಂಗಾಗೇತಿ?" ಶಾಂತಮ್ಮ ಒಳಗಿನಿಂದ ಬಂದು ನಿಂತಿದ್ದರು.

ಕಲ್ಲಪ್ಪನವರಿಗೆ ಸುಳ್ಳು ಹೇಳಬೇಕೆನಿಸಿತು. ಕಾರು ನಿಂತಿದೆ, ಚಹಾ ಕುಡಿಯುತ್ತಿದ್ದಾರೆ ಎಂದು ಹೇಳಿಬಿಡಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ನಾ ತಪ್ಪ ಮಾಡೇನಿ ಶಾಂತಾ. ರೈಲಿನ ದೂರ ಬರದು ಲೈನ್ ಕ್ಲಿಯರ್ ಕೊಟ್ಟೇನಿ. ಅವರಿಗೆ ಚಾರ್ಜ್ ಸಾಲೂದಿಲ್ಲ. ಕಾಡಿನ್ಯಾಗ ನಿಲ್ತಾರ. ಆನಿ ಬಂದಾವಂತ."

ಶಾಂತಮ್ಮ ಕಿರುಚಲಿಲ್ಲ.

"ಕೂಸು ಐತಲ್ರೀ ಅದರಾಗ" ಎಂದರು.

"ಐತಿ."

"ಹಂಗಾರ ಕುಂತು ಏನ್ ನೋಡ್ತೀರಿ? ಆ ಪಂಕ್ಚರ್ ಮನಶ್ಯಾಗ ಹೇಳ್ರಿ. ಗಾಡಿ ತಗೊಂಡು ಬೆನ್ ಹತ್ತು ಅನ್ರಿ. ಕಾಲ್ ಹಿಡ್ಕೊಳ್ರಿ ಬೇಕಾರ."

ಶ್ಯಾಮಸುಂದರ ಮೊದಲು ಒಪ್ಪಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಆ ದಾರಿಯಲ್ಲಿ ಬೈಕು ಬಿಡಬೇಡಿ ಎಂದು ಅರಣ್ಯ ಇಲಾಖೆಯವರು ಮೈಕಿನಲ್ಲಿ ಹೇಳಿಕೊಂಡು ಹೋಗಿದ್ದಾರೆ ಎಂದ. ಆನೆ ಎದುರಿಗೆ ಬಂದರೆ ಬೈಕು ತಿರುಗಿಸಲೂ ಹೊತ್ತು ಸಿಗುವುದಿಲ್ಲ, ದಾದಾ. ಅಷ್ಟಕ್ಕೂ ನಕ್ಷೆ ನೋಡದೆ ಅವರು ಯಾಕೆ ಹೋದರು?

"ಅವರ ತಪ್ಪಲ್ಲ. ದೂರ ಹೇಳಿದವನು ನಾನು. ತಪ್ಪು ನನ್ನದು" ಎಂದರು ಕಲ್ಲಪ್ಪ. ಹಿಂದಿಯಲ್ಲಿ ಆ ಮಾತು ಇನ್ನೂ ಚಿಕ್ಕದಾಗಿ, ಇನ್ನೂ ಬತ್ತಲೆಯಾಗಿ ಕೇಳಿಸಿತು. "ನನ್ನ ಮೊಮ್ಮಗಳು ಇದ್ದಾಳೆ."

ಲೀಲಾಳ ಅಂಗಡಿಯವರೆಗೆ ಎಂಟು ಕಿಲೋಮೀಟರು ಹೋಗಿ ನೋಡುತ್ತೇನೆ, ಅದರ ಮುಂದೆ ಹೋಗಲಾರೆ ಎಂದ ಶ್ಯಾಮಸುಂದರ. ಅಂಗಡಿಯ ಬಾಗಿಲು ಎಳೆದ ಸದ್ದು ಕೇಳಿಸಿತು.

ಆದರೆ ಲೀಲಾಳ ಅಂಗಡಿಯಲ್ಲಿ ಅವರು ಎಲ್ಲಿರುತ್ತಾರೆ? ಕಲ್ಲಪ್ಪನವರಿಗೆ ಅಳಿಯ ಗೊತ್ತಿಲ್ಲವೇ. ಅಂಗಡಿ ಮುಚ್ಚಿದೆ, ಫೋನು ಹಿಡಿಯುವುದಿಲ್ಲ, ಇನ್ನು ಅಲ್ಲಿ ನಿಲ್ಲುವುದು ಯಾಕೆ ಎಂದು ಮಿಥುನ್ ಮುಂದೆ ಹೋಗಿರುತ್ತಾನೆ. ಶ್ರಾವ್ಯಾ, ಸಿಗ್ನಲ್ ಬಂದಕೂಡಲೇ ನಿಂತೀವಿ ಅಪ್ಪಾ ಎಂದು ಹೇಳಿದರಾಯಿತು ಎಂದುಕೊಂಡಿರುತ್ತಾಳೆ. ಪ್ರತಿ ಸಲ ಮಾಡಿದ್ದು ಅದನ್ನೇ. ಪ್ರತಿ ಸಲ ತಾವು ಗೊತ್ತಿದ್ದೂ ಸುಮ್ಮನಿದ್ದದ್ದು ಈಗ ನೆನಪಾಗಿ, ಅಳಿಯನಿಗೆ ಹೆದರಿದ ತಮ್ಮ ಹೇಡಿತನದ ಮೇಲೆ ಅವರಿಗೆ ಸಿಟ್ಟು ಬಂತು. ಗುಡ್ಡದ ಏರಿನಲ್ಲಿ ದೀಪ ಮಂಕಾಗುತ್ತ ನಿಂತ ಕಾರು, ಕಿಟಕಿ ಏರಿಸಿಕೊಂಡು ಕೂತ ಮೂವರು, ಹೊರಗೆ ಸಾಲ ಮರದ ಎಲೆ ತುಳಿಯುವ ಸದ್ದು, ಇಷ್ಟೇ ಕಣ್ಣ ಮುಂದೆ. ಖುಷಿಗೆ ಕತ್ತಲೆಂದರೆ ಆಗುವುದಿಲ್ಲ. ಅದು ಅಜ್ಜನಿಂದ ಬಂದದ್ದು.

ಅರಣ್ಯ ಇಲಾಖೆಯ ನಂಬರು ಹುಡುಕಿ ಮಾಡಿದರು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಶಾಂತಮ್ಮ ಎದುರಿನ ಕುರ್ಚಿಯಲ್ಲಿ ಕೂತು ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದರು. ಕೆಳಗೆ ರಸ್ತೆಯಲ್ಲಿ ಶಿಪ್‌ಯಾರ್ಡಿನ ಪಾಳಿ ಬಿಟ್ಟು ಜನ ಸೈಕಲ್ ಗಂಟೆ ಹೊಡೆಯುತ್ತ ಹೋದರು. ಗಡಿಯಾರ ಐದು ದಾಟಿತು. ಕಿಟಕಿಯ ಬೆಳಕು ಹೋಯಿತು. ಇಬ್ಬರೂ ಎದ್ದು ದೀಪ ಹಾಕಲಿಲ್ಲ.

ಐದೂ ಹದಿನೈದಕ್ಕೆ ಫೋನು ಬಂತು. ಶ್ಯಾಮಸುಂದರನ ನಂಬರು. ಎತ್ತಲು ಕಲ್ಲಪ್ಪನವರ ಕೈ ಬರಲಿಲ್ಲ. ಶಾಂತಮ್ಮನೇ ಒತ್ತಿ, ಸ್ಪೀಕರ್ ಮಾಡಿ, ಗಂಡನ ಮುಂದೆ ಹಿಡಿದರು.

"ಅಜ್ಜಾ?"

ಕಲ್ಲಪ್ಪ ಫೋನಿನತ್ತ ಬಾಗಿದರು.

"ಅಜ್ಜಾ, ಕೇಳಸ್ತೈತಾ? ನಾವು ದಿಬ್ಬ ಮೇಲೆ ಇದ್ದೀವಿ. ಶ್ಯಾಮಕಾಕು ಈಗ ಬಂದ್ರು, ಆನೆ ಇದೆ ಅಂತ ಸ್ಲೋ ಬಂದ್ರಂತೆ. ಅಜ್ಜಾ, ನೀನು ರಾಂಗ್ ಬರೆದೀ. ಟೀ ಅಂಗಡಿಗೆ ಥರ್ಟಿ ಅಂತ ಬರೆದೀ. ಮೀಟರ್ ಫಾರ್ಟಿ ಸಿಕ್ಸ್ ಐತಿ. ಬೇಲ್‌ಪಹಾಡಿಗೇನೇ ಥರ್ಟಿ ಎಯ್ಟ್ ಇತ್ತು. ನಾನು ಸೈಡಲ್ಲಿ ಬರೆದೆ."

"ಎಲ್ಲಿ ಅದೀರಿ ನೀವು? ಮುಂದ ಹೋಗಿಲ್ಲೇನು?"

"ಪಪ್ಪಾ ಹೋಗೋಣ ಅಂದ್ರು. ಮಮ್ಮಿ ವಾಪಸ್ ಹೋಗೋಣ ಅಂದ್ಲು. ಇಬ್ರೂ ಫೈಟ್ ಮಾಡಿದ್ರು. ನಾನು ಕಾರಲ್ಲಿ ಕೂತಿಲ್ಲ. ಬೆಂಚ್ ಮೇಲೆ ಕೂತೆ. ಗಾರ್ಡ್ ಹೂಂ ಅನ್ನಲ್ಲ ಅಂದೆ. ಅಜ್ಜ ಹೇಳೋ ತನಕ ಹಿಂದೂ ಇಲ್ಲ, ಮುಂದೂ ಇಲ್ಲ." ಸ್ವಲ್ಪ ತಡೆದು ಅವಳೇ ಕೇಳಿದಳು, "ಸರಿ ಮಾಡಿದೆನಾ?"

ಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಕಲ್ಲಪ್ಪನವರಿಗೆ ಅಳು ಬರಲಿಲ್ಲ. ಅವರು ಫೋನನ್ನು ಕೈಗೆ ತೆಗೆದುಕೊಳ್ಳುವ ಭರದಲ್ಲಿ ಮೇಜಿನ ಮೇಲಿನ ಪೆನ್ಸಿಲು ಉರುಳಿ ಕೆಳಗೆ ಬಿತ್ತು.

"ಹೌದವ್ವಾ. ನೀ ಸರಿ ಮಾಡೀದಿ. ಪಪ್ಪಾಗ ಕೊಡು."

ಮಿಥುನ್ ಬಂದ. ಯಾವತ್ತೂ ಮೊದಲು ನಗು, ಆಮೇಲೆ ಮಾತು ಅವನದು. ಇವತ್ತು ನಗು ಇರಲಿಲ್ಲ. ಕಲ್ಲಪ್ಪ ಅವನು ಕೇಳುವ ಮೊದಲೇ ಹೇಳಿದರು. ಅದು ರೈಲಿನ ದೂರ, ರಸ್ತೆಯದಲ್ಲ. ನಾನು ನೋಡಲಿಲ್ಲ. ತಪ್ಪು ನನ್ನದು. ಹೇಳಿ ಮುಗಿಸಿ, ಬೈಗುಳಕ್ಕೆ ತಲೆ ತಗ್ಗಿಸಿ ಕೂತರು.

"ಬಾಬಾ, ಈ ಶ್ಯಾಮಸುಂದರ್ ದಾದಾ ಬರುವುದು ಹತ್ತು ನಿಮಿಷ ತಡವಾಗಿದ್ದರೆ ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಿ ಹೊರಟುಬಿಡುತ್ತಿದ್ದೆ" ಎಂದ ಮಿಥುನ್ ಹಿಂದಿಯಲ್ಲಿ, ಮೆಲ್ಲಗೆ. "ಆಮೇಲೆ ದೂರದಲ್ಲಿ ಆನೆ ಕೂಗಿತು. ಎಲ್ಲಿಂದ ಅಂತ ಗೊತ್ತಾಗಲಿಲ್ಲ." ಗಾಳಿಯಲ್ಲಿ ಅವನ ಉಸಿರು ಕೇಳಿಸಿತು. "ಇವರ ಪಂಕ್ಚರ್ ಅಂಗಡಿಯಲ್ಲಿ ಕಂಪ್ರೆಸರಿನ ಪ್ಲಗ್ ಇದೆಯಂತೆ. ರಾತ್ರಿಯೆಲ್ಲ ಹಚ್ಚಿದರೆ ಬೆಳಿಗ್ಗೆಗೆ ಸಾಕಾಗುತ್ತದೆ. ಬೇಲ್‌ಪಹಾಡಿಗೆ ವಾಪಸ್ ಹೋಗಲು ಲೈನ್ ಕ್ಲಿಯರ್ ಕೊಡಿ, ಬಾಬಾ."

ಆ ಮಾತನ್ನು ಮಿಥುನ್ ಎಂದೂ ಆಡಿದವನಲ್ಲ. ಮಾವನ ಆಟ ಎಂದು ನಗುತ್ತಿದ್ದವನು ಈಗ ಕತ್ತಲ ದಿಬ್ಬದ ಮೇಲೆ ನಿಂತು ಕಾಯುತ್ತಿದ್ದ. ಮೂವತ್ತೈದು ವರ್ಷದಲ್ಲಿ ಲಕ್ಷ ಸಲ ಕೇಳಿದ, ಆಡಿದ ಎರಡು ಶಬ್ದ, ಕಲ್ಲಪ್ಪನವರ ಬಾಯಿಂದ ಹೊರಗೆ ಬರಲಿಲ್ಲ. ಬೇಲ್‌ಪಹಾಡಿಗೆ ಎಂಟು ಕಿಲೋಮೀಟರು ಎಂದು ಶ್ಯಾಮಸುಂದರ ಹೇಳಿದ್ದ. ತಲೆಯೂ ಎಂಟು ಎನ್ನುತ್ತಿತ್ತು. ಆ ತಲೆಯನ್ನು ನಂಬಲು ಅವರಿಗೆ ಹೆದರಿಕೆಯಾಯಿತು.

"ಗಾರ್ಡ್‌ಗೆ ಕೊಡು" ಎಂದರು. ಖುಷಿ ಬಂದಳು. "ನೀ ಬರದಿದ್ದು ಓದವ್ವಾ. ಬೇಲ್‌ಪಹಾಡಿಗೆ ಎಷ್ಟಿತ್ತು?"

"ಥರ್ಟಿ ಎಯ್ಟ್."

"ಈಗ?"

"ಫಾರ್ಟಿ ಸಿಕ್ಸ್."

ಅವರು ಕೆಳಗೆ ಬಿದ್ದ ಪೆನ್ಸಿಲು ತೆಗೆದುಕೊಂಡು, ಒಂದರ ಕೆಳಗೊಂದು ಬರೆದು, ಸಣ್ಣ ಶಾಲೆಯ ಹುಡುಗನ ಹಾಗೆ ಕಳೆದರು. ಎಂಟು. ಕಾರಿನಲ್ಲಿ ಉಳಿದದ್ದು ಎಷ್ಟೆಂದು ಕೇಳಿದರು. ಐವತ್ತಕ್ಕೆ ಒಂದು ಕಡಿಮೆ ಎಂದಳು. ಶ್ಯಾಮಸುಂದರ ಬೈಕಿನಲ್ಲಿ ಮುಂದೆ ಇರುತ್ತಾನೆಯೇ ಎಂದು ಕೇಳಿದರು. ಇರುತ್ತಾನೆ ಎಂದಳು.

"ಲೈನ್ ಕ್ಲಿಯರ್" ಎಂದರು ಕಲ್ಲಪ್ಪ. "ಮುಟ್ಟಿದ ಕೂಡಲೇ ಫೋನ್ ಮಾಡ್ರಿ."

ಫೋನು ಇಟ್ಟಮೇಲೆ ಶಾಂತಮ್ಮ ಎದ್ದು ದೀಪ ಹಾಕಿದರು. ಕಲ್ಲಪ್ಪ ಕೆಂಪು ಪೆನ್ನು ಹುಡುಕಿದರು. ಮನೆಯಲ್ಲಿ ಅಂಥದೊಂದು ಇರಲಿಲ್ಲ. ಖುಷಿ ಹೋದ ಸಲ ಬಿಟ್ಟುಹೋದ ಕೆಂಪು ಸ್ಕೆಚ್ ಪೆನ್ನು ಸಿಕ್ಕಿತು. ಚಾರ್ಟಿನಲ್ಲಿ ಅರವತ್ತರ ಮೇಲೆ ಅಡ್ಡ ಗೆರೆ ಹೊಡೆದು, ಪಕ್ಕದಲ್ಲಿ ಐದೂ ಇಪ್ಪತ್ತೆರಡು ಎಂದು ಸಮಯ ಬರೆದು, ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದರು. ಸಹಿ ಸೊಟ್ಟಗಾಯಿತು.

"ಇನ್ನ ಹೆದರಿಕಿ ಹೋತಲ್ರೀ? ಒಂದೀಟು ಚಾ ಮಾಡಲೇನು?" ಎಂದರು ಶಾಂತಮ್ಮ.

ಕಲ್ಲಪ್ಪ ಫೋನನ್ನು ಚಾರ್ಟಿನ ಮಧ್ಯದಲ್ಲಿ ಇಟ್ಟು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

"ತಡಿ" ಎಂದರು. "ಇನ್ನೂ ಎಂಟ ಕಿಲೋಮೀಟರ್ ಐತಿ."